ಭೋಗಿ, ಶೋಕಿ, ಹೌಸು

ಸುಖವನ್ನು ಅರಸಿ ಬದುಕುವ ಮನುಷ್ಯನಿಗೆ ಕನ್ನಡದಲ್ಲಿ ಹೆಸರುಗಳ ಕೊರತೆ ಎಂದೂ ಇರಲಿಲ್ಲ. ಭೋಗಿ, ಸುಖಿ, ವಿಲಾಸಿ, ರಸಿಕ ಎಂಬ ಮಾತುಗಳು ಗ್ರಂಥಗಳಲ್ಲಿ ಬೆಳೆದು ಬಂದರೆ, ಶೋಕಿಲಾಲ, ಮೋಜುಗಾರ, ಖಯಾಲಿ ಮನುಷ್ಯ, ಹೌಸಿನವ ಎಂಬ ಮಾತುಗಳು ಪೇಟೆ, ಸಂತೆ, ಜಾತ್ರೆಗಳಲ್ಲಿ ಬಳಕೆಗೆ ಬಂದವು. ಲಂಪಟ, ಲೋಲುಪ, ವಿಟ ಎಂಬವುಗಳಿಗಂತೂ ಮೊದಲಿನಿಂದಲೂ ಬೈಗುಳದ ಅಂಚು ಇದೆ. ಮೇಲುನೋಟಕ್ಕೆ ಇವೆಲ್ಲ ಒಂದೇ ಅರ್ಥದ ಪರ್ಯಾಯ ಪದಗಳಂತೆ ಕಂಡರೂ, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸುತ್ತಿನ ಆಡುಮಾತನ್ನೂ ಆ ನೆಲದ ಶಾಸನ ಮತ್ತು ಕಾವ್ಯಗಳ ಭಾಷೆಯನ್ನೂ ಒಟ್ಟಿಗಿಟ್ಟು ನೋಡಿದರೆ, ಒಬ್ಬನು ಎಷ್ಟು ಸುಖಪಡುತ್ತಾನೆ ಎಂಬುದಕ್ಕಿಂತ ಯಾರ ಗಂಟಿನಲ್ಲಿ ಸುಖಪಡುತ್ತಾನೆ, ಅದರಲ್ಲಿ ಇನ್ನಾರಿಗೆ ಪಾಲುಂಟು ಎಂಬುದನ್ನು ತೂಗಿಯೇ ಕನ್ನಡಿಗರು ಈ ಹೆಸರುಗಳನ್ನು ಹಂಚಿದ್ದಾರೆ ಎಂದು ತೋರುತ್ತದೆ.

ಇವುಗಳಲ್ಲಿ ಹಿರಿಯ ಮಾತು ಭೋಗಿ. ಸಂಸ್ಕೃತದ ‘ಭುಜ್’ ಧಾತುವಿಗೆ ಉಣ್ಣು, ಅನುಭವಿಸು, ವಶದಲ್ಲಿಟ್ಟುಕೊಂಡು ಬಳಸು ಎಂಬ ಅರ್ಥಗಳಿವೆ. ಭೋಜನ, ಭುಕ್ತಿ, ಭೋಗ, ಉಪಭೋಗ ಎಲ್ಲವೂ ಅದರಿಂದಲೇ ಹುಟ್ಟಿದವು, ಭೂಮಿಯನ್ನು ಆಳುವವನಿಗೆ ಭೂಭುಜ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಹೀಗಾಗಿ ಭೋಗ ಎಂಬುದರಲ್ಲಿ ಅನುಭವದ ಜೊತೆಗೆ ಹಕ್ಕಿನ ಅರ್ಥವೂ ಸೇರಿಕೊಂಡಿದೆ. ಸಾಲ ಕೊಟ್ಟವನು ಬಡ್ಡಿಯ ಬದಲು ಮನೆಯನ್ನೋ ಹೊಲವನ್ನೋ ತಾನೇ ಅನುಭವಿಸುವ ಕರಾರಿಗೆ ಭೋಗ್ಯ ಎಂಬ ಹೆಸರು ಇಂದಿಗೂ ಉಳಿದಿದ್ದು, ಭೋಗ್ಯಪತ್ರ ಬರೆಯುವವನಿಗಾಗಲಿ ಬರೆಸಿಕೊಳ್ಳುವವನಿಗಾಗಲಿ ಆ ಮಾತಿನಲ್ಲಿ ವಿಲಾಸದ ವಾಸನೆ ಬರುವುದಿಲ್ಲ. ಕರ್ಮಭೋಗ, ಪ್ರಾರಬ್ಧಭೋಗ ಎಂದಾಗ ಅದೇ ಪದ ದುಃಖದ ಪಾಲನ್ನೂ ಹೊರುತ್ತದೆ. ಮಾಡಿದ್ದನ್ನು ಭೋಗಿಸಲೇಬೇಕು ಎನ್ನುವವರು ಸುಖದ ಮಾತನ್ನು ಆಡುತ್ತಿರುವುದಿಲ್ಲ. ಹಾವಿಗೂ ಭೋಗಿ ಎಂಬ ಹೆಸರುಂಟು. ಅಲ್ಲಿ ಭೋಗ ಎಂದರೆ ಹೆಡೆ ಅಥವಾ ಸುರುಳಿ. ಶಿವನನ್ನು ಭೋಗಿಭೂಷಣ ಎಂದು ಕರೆಯುವಾಗ ಕವಿಗಳು ಹಾವನ್ನು ತೊಟ್ಟವನು ಎಂಬ ಅರ್ಥದ ಬೆನ್ನಿಗೆ ಇನ್ನೊಂದು ಅರ್ಥವನ್ನೂ ಮಿನುಗಿಸಿದ್ದಾರೆ, ವಿರಾಗಿಗೆ ಭೋಗಿಯೇ ಒಡವೆಯಾದ ಶ್ಲೇಷೆ ಅದು.

ಈ ಪದ ಗೌರವದಿಂದ ಕುಳಿತ ಜಾಗ ಶಾಸನಗಳದು. ತುಂಗಭದ್ರೆಯ ದಂಡೆಯಲ್ಲಿ ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ, ಹಾವೇರಿ ತಾಲೂಕಿನ ಗಳಗನಾಥದ ಗಳಗೇಶ್ವರ, ಹಾವೇರಿ ಊರಿನ ಸಿದ್ಧೇಶ್ವರ, ಹಾನಗಲ್ಲಿನ ತಾರಕೇಶ್ವರ ಮೊದಲಾದ ಚಾಲುಕ್ಯ ಶೈಲಿಯ ಗುಡಿಗಳು ತಲೆಯೆತ್ತಿದ ಕಾಲದಲ್ಲಿ, ದೇವರಿಗೆ ಭೂಮಿ ಬಿಟ್ಟ ದತ್ತಿಗಳಲ್ಲಿ ಅಂಗಭೋಗ, ರಂಗಭೋಗ ಎಂಬ ಜೋಡಿ ಮಾತು ಮತ್ತೆ ಮತ್ತೆ ಬರುತ್ತಿತ್ತು. ದೇವರ ಮೈಗೆ ಸಲ್ಲುವ ಮಜ್ಜನ, ಗಂಧ, ಹೂವು, ಉಡುಗೆ, ತೊಡಿಗೆಗಳು ಅಂಗಭೋಗವೆನಿಸಿದರೆ, ರಂಗಮಂಟಪದಲ್ಲಿ ದೇವರ ಎದುರು ನಡೆಯುವ ಹಾಡು, ವಾದ್ಯ, ನೃತ್ಯಗಳು ರಂಗಭೋಗವೆನಿಸುತ್ತಿದ್ದವು. ಇವುಗಳಿಗಾಗಿ ಬಿಟ್ಟ ಭೂಮಿಯ ಉತ್ಪನ್ನ ಹೂವಾಡಿಗ, ವಾದ್ಯಗಾರ, ಪಾತ್ರದವರು ಎಂದು ಹಲವು ಮನೆಗಳ ಒಲೆ ಉರಿಸುತ್ತಿತ್ತು. ದೇವರೇ ಊರಿನ ಮೊದಲ ಭೋಗಿಯಾಗಿದ್ದು, ಅವನ ಭೋಗ ನಿಂತರೆ ಹತ್ತಾರು ಮನೆಗಳ ಅನ್ನ ನಿಲ್ಲುವಂತಿದ್ದ ಆ ವ್ಯವಸ್ಥೆಯಲ್ಲಿ ಭೋಗ ಎಂಬುದು ಹಂಚಿಕೆಯ ಇನ್ನೊಂದು ಹೆಸರಾಗಿತ್ತು. ಹಂಚಿಕೆ ಸಮನಾಗಿತ್ತೇ ಎಂಬುದು ಬೇರೆ ಪ್ರಶ್ನೆ. ಬೆವರು ಸುರಿಸಿ ಆ ಭೂಮಿ ಉತ್ತವನ ಪಾಲಿನ ಬಗ್ಗೆ ಶಾಸನಗಳು ಬಾಯಿ ಬಿಡುವುದು ಅಪರೂಪ.

ಹಾನಗಲ್ಲಿನ ಕದಂಬರು ಆಳಿದ ನಾಡು ಬನವಾಸಿ ಪನ್ನಿರ್ಚ್ಛಾಸಿರ ಮತ್ತು ಪಾನುಂಗಲ್ಲು ಐನೂರು ಎಂಬ ಆಡಳಿತ ವಿಭಾಗಗಳು. ಇಂದಿನ ಹಾವೇರಿ ಜಿಲ್ಲೆಯ ಬಹುಭಾಗ ಆ ಸೀಮೆಯ ನೆರಳಲ್ಲೇ ಬೆಳೆದದ್ದು. 941ರ ಸುಮಾರಿಗೆ ವಿಕ್ರಮಾರ್ಜುನ ವಿಜಯವನ್ನು ಮುಗಿಸಿದ ಪಂಪ, ಬನವಾಸಿಯ ಜನರನ್ನು ಹೊಗಳುವ ಪದ್ಯದಲ್ಲಿ ತ್ಯಾಗ ಮತ್ತು ಭೋಗಗಳನ್ನು ಒಂದರ ಮಗ್ಗುಲಲ್ಲಿ ಒಂದನ್ನು ಕೂಡಿಸಿ, ಅವುಗಳ ಸಾಲಿನಲ್ಲೇ ವಿದ್ಯೆ, ಹಾಡು, ಗೋಷ್ಠಿಗಳನ್ನು ಎಣಿಸುತ್ತಾನೆ. ಕೊಡಬಲ್ಲವನೇ ಉಣ್ಣಬಲ್ಲವನು ಎಂಬ ಈ ಕೂಡಿಕೆ ಆ ಕಾಲದ ಗಣ್ಯರ ಆದರ್ಶವಾಗಿತ್ತು. ಹದಿನಾರನೆಯ ಶತಮಾನದ ರತ್ನಾಕರವರ್ಣಿ ಇದನ್ನೇ ಇನ್ನೊಂದು ತುದಿಗೆ ಒಯ್ದು, ಭರತ ಚಕ್ರವರ್ತಿಯನ್ನು ಭೋಗಿಯೂ ಯೋಗಿಯೂ ಆದವನೆಂದು ಚಿತ್ರಿಸಿ, ಭರತೇಶ ವೈಭವದ ಮೊದಲ ಭಾಗಕ್ಕೆ ಭೋಗವಿಜಯ ಎಂದೇ ಹೆಸರಿಟ್ಟ.

ಆದರೆ ಭೋಗಿ ಎಂಬ ಮಾತಿನ ಒಳಹೊರಗನ್ನೆಲ್ಲ ಬಿಚ್ಚಿ ತೋರಿಸುವ ಕನ್ನಡ ಕಥೆ ಎಂದರೆ ವಡ್ಡಾರಾಧನೆಯ ಸುಕುಮಾರಸ್ವಾಮಿಯದು. ಹತ್ತನೆಯ ಶತಮಾನದ ಸುಮಾರಿನದೆಂದು ವಿದ್ವಾಂಸರು ಎಣಿಸುವ ಈ ಗದ್ಯಗ್ರಂಥದ ಹತ್ತೊಂಬತ್ತು ಕಥೆಗಳಲ್ಲಿ ಇದೇ ಮೊದಲನೆಯದು. ಉಜ್ಜೇನಿಯ ವ್ಯಾಪಾರಿ ಮನೆತನದ ಒಬ್ಬನೇ ಮಗನಾದ ಸುಕುಮಾರ, ಋಷಿಯನ್ನು ಕಂಡರೆ ಮನೆ ಬಿಟ್ಟುಹೋಗುವನೆಂಬ ಭವಿಷ್ಯದ ಮಾತಿಗೆ ಹೆದರಿದ ತಾಯಿ ಯಶೋಭದ್ರೆಯ ಕಾವಲಿನಲ್ಲಿ, ಮೂವತ್ತೆರಡು ಮಂದಿ ಹೆಂಡಿರೊಡನೆ ಮಾಡಗಳೆಂಬ ಮಹಡಿಮನೆಗಳಲ್ಲಿ ಬಾಳುತ್ತಾನೆ. ಅರಸನಿಗೂ ಕೊಳ್ಳಲಾಗದ ರತ್ನಗಂಬಳಿಯನ್ನು ಆ ತಾಯಿ ಕೊಂಡು ತುಂಡರಿಸಿ ಸೊಸೆಯರಿಗೆ ಹಂಚಿದ ಸುದ್ದಿ ಕೇಳಿ, ಬೆರಗಾದ ಅರಸನೇ ಆ ಮನೆಗೆ ಬರುತ್ತಾನೆ. ಅವನ ಮಗ್ಗುಲಲ್ಲಿ ಕುಳಿತ ಸುಕುಮಾರನು ಸೇಸೆಯಿಕ್ಕುವಾಗ ಉದುರಿದ ಸಾಸಿವೆ ಒತ್ತಿ ಅತ್ತಿತ್ತ ಮಿಡುಕುತ್ತಾನೆ; ಸೊಡರಿನ ಬೆಳಕಿಗೆ ಅವನ ಕಣ್ಣಲ್ಲಿ ನೀರು ಬರುತ್ತದೆ; ಊಟಕ್ಕೆ ಕುಳಿತಾಗ ಅನ್ನದ ಕೆಲವು ಅಗುಳುಗಳನ್ನಷ್ಟೇ ಆರಿಸಿ ನುಂಗುತ್ತಾನೆ. ಇವನಿಗೆ ಏನೋ ರೋಗವಿರಬೇಕೆಂದು ಅರಸ ಮರುಗಿದಾಗ ತಾಯಿ ಬಿಡಿಸಿ ಹೇಳುತ್ತಾಳೆ: ಹೂವಿಗಿಂತ ಒರಟಾದುದರ ಮೇಲೆ ಕುಳಿತವನಲ್ಲ, ರತ್ನದ ಬೆಳಕಲ್ಲದೆ ದೀಪದ ಬೆಳಕು ಕಂಡವನಲ್ಲ, ತಾವರೆಯೊಳಗಿಟ್ಟು ಕಂಪೇರಿಸಿದ ಅಕ್ಕಿಯ ಅನ್ನವಲ್ಲದೆ ಬೇರೆ ಉಂಡವನಲ್ಲ, ಇಂದು ಅರಸನಿಗಾಗಿ ಬೇರೆ ಅಕ್ಕಿ ಬೆರೆಸಿದ್ದರಿಂದ ಆರಿಸುತ್ತಿದ್ದಾನೆ.

ಈ ಕಥೆಗೆ ದೂರದ ಜೋಡಿಯೊಂದಿದೆ. ಇಟಲಿಯ ದಕ್ಷಿಣ ತೀರದಲ್ಲಿ ಗ್ರೀಕರು ಕಟ್ಟಿದ ಸಿಬಾರಿಸ್ ಎಂಬ ಊರು ತನ್ನ ಐಶ್ವರ್ಯದಿಂದ ಮೆರೆದು ಕ್ರಿ.ಪೂ. 510ರಲ್ಲಿ ನೆರೆಯ ಕ್ರೋಟನ್ ಊರಿನವರ ಕೈಯಲ್ಲಿ ನಾಶವಾದ ಮೇಲೆ, ಆ ಊರಿನವನು ಎಂಬ ಮಾತೇ ಯುರೋಪಿನ ಹಲವು ಭಾಷೆಗಳಲ್ಲಿ ಸುಖಲೋಲುಪ ಎಂಬುದಕ್ಕೆ ಹೆಸರಾಯಿತು. ಹಾಸಿದ ಗುಲಾಬಿಯ ಎಸಳು ಮಡಿಚಿಕೊಂಡದ್ದರಿಂದ ನಿದ್ದೆ ಬರಲಿಲ್ಲವೆಂದು ಗೊಣಗಿದ ಸಿಬಾರಿಸಿನ ಸಿರಿವಂತನ ಕಥೆಯನ್ನು ಗ್ರೀಕರೂ ರೋಮನರೂ ನಗುತ್ತ ಹೇಳಿಕೊಂಡು ಬಂದರು. ಎಸಳಿಗೂ ಸಾಸಿವೆಗೂ ಹೆಚ್ಚು ಅಂತರವಿಲ್ಲ, ಅಂತರ ಇರುವುದು ಕಥೆ ಹೇಳುವವನ ಮನಸ್ಸಿನಲ್ಲಿ. ಗ್ರೀಕರ ಕಥೆ ನಗೆಯಲ್ಲೇ ಮುಗಿದರೆ, ಕನ್ನಡದ ಕಥೆಯಲ್ಲಿ ಯಾರೂ ಸುಕುಮಾರನನ್ನು ನೋಡಿ ನಗುವುದಿಲ್ಲ. ಅರಸನು ಅವನಿಗೆ ಅವಂತಿ ಸುಕುಮಾರ ಎಂಬ ಹೆಸರನ್ನೇ ಕೊಟ್ಟು ಹೋಗುತ್ತಾನೆ. ಸಾಸಿವೆ ತಾಳಲಾರದ ಅದೇ ಮೈ, ಪೂರ್ವಜನ್ಮದ ಅರಿವು ಮೂಡಿದ ಒಂದು ರಾತ್ರಿ ಬಟ್ಟೆಗಳನ್ನು ಗಂಟುಹಾಕಿ ಮಾಡದಿಂದ ಇಳಿದು, ರಕ್ತ ಸೋರುವ ಅಂಗಾಲಲ್ಲಿ ಕಾಡಿಗೆ ನಡೆದು, ನರಿಯೂ ಅದರ ಮರಿಗಳೂ ತಿನ್ನುವುದನ್ನು ಮೂರು ರಾತ್ರಿ ಸಹಿಸುತ್ತದೆ. ಅಷ್ಟು ದೊಡ್ಡ ಭೋಗವಿಲ್ಲದೆ ಅಷ್ಟು ದೊಡ್ಡ ತ್ಯಾಗಕ್ಕೆ ಬೆಲೆ ಬರುತ್ತಿರಲಿಲ್ಲ ಎಂಬುದು ಕಥೆಗಾರನ ಲೆಕ್ಕ.

ಮಠ, ಅರಮನೆಗಳ ಆಚೆಗೆ ಒಕ್ಕಲು ಮನೆಯಲ್ಲಿ ಭೋಗಿ ಎಂಬ ಮಾತಿನ ಅಳತೆ ಬೇರೆಯೇ ಆಗಿತ್ತು. ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ ಎಂದು ಏರುತ್ತ, ನಾಲ್ಕನೆಯ ಹೊತ್ತಿಗೂ ಕೈ ಹಾಕಿದವನನ್ನು ಹೊತ್ತುಕೊಂಡು ಹೋಗಿ ಎಂದು ಮುಗಿಯುವ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ಈ ಗಾದೆಯಲ್ಲಿ ಭೋಗಿಯ ಸ್ಥಾನ ಎಲ್ಲಿದೆ ಎಂಬುದನ್ನು ಗಮನಿಸುವವರು ಕಡಿಮೆ. ಎರಡು ಹೊತ್ತು ಉಣ್ಣುವ ಸಾಧಾರಣ ಸಂಸಾರಸ್ಥನೇ ಇಲ್ಲಿ ಭೋಗಿ, ಅವನಿಗೆ ಬೈಗುಳವಿಲ್ಲ, ಬೈಗುಳ ಶುರುವಾಗುವುದು ಅವನನ್ನು ದಾಟಿದ ಮೇಲೆ. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳೊಡನೆ ಜನ ಹೆಸರು ಕೂಡಿಸುವ ಸರ್ವಜ್ಞನೂ ಒಂದು ತ್ರಿಪದಿಯಲ್ಲಿ ಮನೆ, ಖರ್ಚಿಗೆ ಹಣ, ಮನಸ್ಸರಿತ ಹೆಂಡತಿ ಇಷ್ಟು ಒದಗಿದವನಿಗೆ ಸ್ವರ್ಗದ ಹಂಗೇ ಬೇಕಿಲ್ಲ ಎಂಬ ತಾತ್ಪರ್ಯವನ್ನು ನಿಸ್ಸಂಕೋಚವಾಗಿ ಹೇಳಿದ್ದಾನೆ. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಆದಿಕೇಶವನ ದಾಸನಾದ ಕನಕ, ರಾಮಧಾನ್ಯ ಚರಿತ್ರೆಯಲ್ಲಿ ಸಿರಿವಂತರ ತಟ್ಟೆಯ ನೆಲ್ಲಿಗೂ ಬಡವರ ರಾಗಿಗೂ ಜಗಳ ಹಚ್ಚಿ, ಆರು ತಿಂಗಳ ಸೆರೆಯಲ್ಲಿ ನೆಲ್ಲು ಸೊರಗಿ ರಾಗಿ ಗಟ್ಟಿಯಾಗಿ ಉಳಿಯುವಂತೆ ಮಾಡಿದ. ಅವನು ಉಣ್ಣುವುದನ್ನು ಹಳಿಯಲಿಲ್ಲ, ಉಣ್ಣುವವರ ಡೌಲನ್ನು ಹಳಿದ.

ಸಂಕ್ರಾಂತಿಯ ಹಿಂದಿನ ದಿನಕ್ಕೂ ಭೋಗಿ ಎಂಬ ಹೆಸರಿದ್ದು, ತಮಿಳು, ತೆಲುಗು ನಾಡುಗಳಲ್ಲಿ ಆ ದಿನ ಹಳೆಯ ಸಾಮಾನುಗಳನ್ನು ಬೆಂಕಿಗೆ ಹಾಕುವ ರೂಢಿ ಹೆಚ್ಚಾದರೆ, ಉತ್ತರ ಕರ್ನಾಟಕದಲ್ಲಿ ಅದು ಎಣ್ಣೆನೀರಿನ ಮತ್ತು ಊಟದ ಹಬ್ಬ. ಮೈತುಂಬ ಎಳ್ಳು ಹಚ್ಚಿ ಬಡಿದ ಸಜ್ಜಿ ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ, ಹಸಿ ಕಡಲೆ, ಅವರೆಕಾಳು, ಗಜ್ಜರಿ ಎಲ್ಲ ಕೂಡಿದ ಪಲ್ಯ, ಅದರ ಮೇಲೆ ಒಂದಿಷ್ಟು ಬೆಣ್ಣೆ. ಹೊಲದಲ್ಲಿ ಬೆಳೆದದ್ದೆಲ್ಲ ಒಂದೇ ಗಂಗಾಳಕ್ಕೆ ಬರುವ ದಿನ ಅದು. ಮಾಡಿದ್ದನ್ನು ನೆರೆಮನೆಗೆ ಕೊಡದೆ ಉಂಡರೆ ಹಬ್ಬವಾಗುವುದಿಲ್ಲ.

ಒಂದು ಕೊರತೆಯನ್ನು ಮಾತ್ರ ಮುಚ್ಚಿಡುವಂತಿಲ್ಲ. ಭೋಗಿ ಎಂಬ ಪುಲ್ಲಿಂಗ ಪದಕ್ಕೆ ಸುಖವನ್ನು ಅನುಭವಿಸುವವನು ಎಂಬ ಅರ್ಥವಿದ್ದರೆ, ಭೋಗಿನಿ, ಭೋಗಸ್ತ್ರೀ, ಭೋಗಾಂಗನೆ ಎಂಬ ಸ್ತ್ರೀಲಿಂಗ ರೂಪಗಳು ಅರಸನ ಉಪಪತ್ನಿಗೋ ವೇಶ್ಯೆಗೋ ಮೀಸಲಾದವು, ಎಂದರೆ ಗಂಡಸು ಅನುಭವಿಸುವವನಾದ, ಹೆಂಗಸು ಅನುಭವಿಸಲ್ಪಡುವ ವಸ್ತುವಾದಳು. ಗಂಧ, ಉಡುಗೆ, ಒಡವೆ, ಹಾಡು, ತಾಂಬೂಲ, ಊಟ, ಹಾಸಿಗೆಗಳೊಡನೆ ಅಷ್ಟಭೋಗಗಳ ಪಟ್ಟಿ ಮಾಡಿದ ಹಳಬರು ಹಲವು ಪಾಠಗಳಲ್ಲಿ ಆ ಪಟ್ಟಿಯೊಳಗೆ ಹೆಣ್ಣನ್ನೂ ಸೇರಿಸಿಬಿಟ್ಟಿರುವುದು ಇದೇ ಬುದ್ಧಿಯ ಫಲ. ಕನ್ನಡದ ಎಷ್ಟೋ ಒಳ್ಳೆಯ ಮಾತುಗಳಿಗೆ ಹೀಗೆ ಒಂದು ಕಾಲು ಕುಂಟು.

ಆಡುಮಾತಿನ ಇನ್ನೊಂದು ಪದಸಮೂಹ ಫಾರಸಿ, ಅರಬ್ಬಿಗಳಿಂದ ಹಿಂದೂಸ್ತಾನಿ, ಮರಾಠಿಗಳ ಮೂಲಕ ಬಂದದ್ದು. ಬಿಜಾಪುರದ ಆದಿಲಶಾಹಿ, ಸವಣೂರಿನ ನವಾಬರು, ಮರಾಠರು, 1818ರ ನಂತರ 1956ರವರೆಗೆ ಮುಂಬಯಿ ಆಡಳಿತ ಎಂದು ಸಾಲಾಗಿ ಬಂದ ಆಳಿಕೆಗಳು ಕಚೇರಿಯ ಪದಗಳನ್ನಷ್ಟೇ ಅಲ್ಲದೆ ಸುಖದ ಪದಗಳನ್ನೂ ಬಿಟ್ಟುಹೋದವು. ಅರಬ್ಬಿಯ ‘ಶೌಕ್’ ಎಂದರೆ ಆಸೆ, ಒಲವು. ಅದರಿಂದ ಶೋಕಿ, ಶೋಕಿಲಾಲ. ಫಾರಸಿಯ ‘ಮಜಾ’ ಎಂದರೆ ರುಚಿ. ಅಲೆ ಎಂಬ ಅರ್ಥದ ‘ಮೌಜ್’ ಮೋಜು ಆಯಿತು. ‘ಐಷ್’ ಮತ್ತು ‘ಆರಾಮ್’ ಕೂಡಿ ಐಷಾರಾಮ ಆಯಿತು. ಅರಬ್ಬಿಯ ‘ಹವಸ್’ ಎಂಬ ಹಂಬಲದ ಪದ ಮರಾಠಿಯಲ್ಲಿ ‘ಹೌಸ’ ಆಗಿ ಮೆತ್ತಗಾಗಿ, ಧಾರವಾಡ ಸೀಮೆಯ ಕನ್ನಡದಲ್ಲಿ ಹೌಸು ಎಂದು ನೆಲೆಸಿತು. 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು ಹಿಂದೂಸ್ತಾನಿ, ಮರಾಠಿ ಮೂಲದ ಮಾತುಗಳಿಗೆ ಗುರುತು ಹಾಕಿ ತನ್ನೊಳಗೆ ಸೇರಿಸಿಕೊಂಡಿದ್ದನ್ನು ನೋಡಿದರೆ, ಆ ವೇಳೆಗೇ ಇಂಥ ಪದಗಳು ಹೊರಗಿನವಾಗಿ ಉಳಿದಿರಲಿಲ್ಲ ಎಂದು ತಿಳಿಯುತ್ತದೆ.

ಈ ಪದಗಳ ನಡುವೆ ಹಾವೇರಿಯ ಜನ ಎಳೆದ ಗೆರೆ ಸೂಕ್ಷ್ಮವಾದದ್ದು. ‘ಅವಂಗ ಶೋಕಿ ಬಿದ್ದೈತಿ’ ಎಂದರೆ ಮನೆಯ ಹಣಕ್ಕೆ ಕುತ್ತು ಬಂತೆಂಬ ಎಚ್ಚರಿಕೆ; ‘ಅಪ್ಪ ಗಳಿಸಿದ್ರಾಗ ಚೈನಿ ಹೊಡ್ಯಾಕತ್ಯಾನ’ ಎಂದರೆ ತೀರ್ಪೇ ಆಗಿಹೋಯಿತು. ‘ಬಾಳ ಮೆರ್ಯಾಕತ್ಯಾನ’ ಎಂಬಲ್ಲಿ ಸುಖಕ್ಕಿಂತ ಅದರ ಪ್ರದರ್ಶನದ ಮೇಲೆ ಸಿಟ್ಟು. ಆದರೆ ‘ಹೌಸಿಲೆ ಮಾಡ್ಯಾಳ’, ‘ಬಾಳ ಹೌಸಿನಾಕಿ’ ಎನ್ನುವಾಗ ದನಿಯೇ ಬದಲಾಗುತ್ತದೆ. ಪ್ರೀತಿಯಿಂದ, ಲಾಭದ ಲೆಕ್ಕ ಹಾಕದೆ, ಕೈಯಾರೆ ಮಾಡಿದ್ದು ಎಂಬ ಮೆಚ್ಚುಗೆ ಅದರಲ್ಲಿರುತ್ತದೆ. ಭೋಗಿನಿ ಎಂಬ ಪದ ಹೆಣ್ಣಿಗೆ ಕೊಡದ ಸುಖದ ಹಕ್ಕನ್ನು ಹೌಸು ಎಂಬ ಎರವಲು ಪದ ಕೊಟ್ಟಿದೆ.

ಹೌಸು ಎಂಬುದರ ಅರ್ಥ ಕಣ್ಣಿಗೆ ಕಾಣಬೇಕಾದರೆ ದೀಪಾವಳಿಯ ನಂತರ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಹಾನಗಲ್ಲ, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ನಡೆಯುವ ಕೊಬ್ಬರಿ ಹೋರಿ ಸ್ಪರ್ಧೆಗಳನ್ನು ನೋಡಬೇಕು. ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ, ಮೈಗೆ ಜೂಲು, ಕೊಂಬಿಗೆ ಬಣ್ಣದ ರಿಬ್ಬನ್ನು, ಬಲೂನು ಕಟ್ಟಿದ ಹೋರಿಯನ್ನು ಜನರ ನಡುವೆ ಓಡಬಿಡುತ್ತಾರೆ. ಓಡುವ ಹೋರಿಯನ್ನು ಹಿಡಿದು ಕೊಬ್ಬರಿ ಹರಿಯಲು ಹುಡುಗರು ಮೇಲೆ ಬೀಳುತ್ತಾರೆ, ಯಾರ ಕೈಗೂ ಸಿಗದ ಹೋರಿ ಗೆಲ್ಲುತ್ತದೆ. ಇಂಥ ಹೋರಿಯನ್ನು ಸಾಕುವ ರೈತ ಅದನ್ನು ನೇಗಿಲಿಗೆ ಹೂಡುವುದು ಕಡಿಮೆ. ಹುರುಳಿ, ಹತ್ತಿಕಾಳು, ಹಿಂಡಿ ಎಂದು ತನ್ನ ತಟ್ಟೆಗಿಂತ ಅದರ ಗೋದಲಿಯ ಮೇಲೆ ಹೆಚ್ಚು ಗಮನ ಇಟ್ಟು, ಕೆರೆಗೆ ಇಳಿಸಿ ಈಜಿಸಿ, ಮೈ ತಿಕ್ಕಿ, ವರ್ಷವಿಡೀ ಖರ್ಚು ಮಾಡುತ್ತಾನೆ. ಗೆದ್ದ ಬಹುಮಾನ ಆ ಖರ್ಚನ್ನು ತುಂಬಿಕೊಡುವುದು ಅಪರೂಪ. ವ್ಯವಹಾರದ ಕಣ್ಣಿಗೆ ಇದು ಶುದ್ಧ ದುಂದು, ಆದರೂ ಅವನನ್ನು ಊರವರು ಶೋಕಿಲಾಲ ಎನ್ನದೆ ಹೋರಿಯ ಹೌಸಿನವ ಎಂದೇ ಕರೆಯುತ್ತಾರೆ, ಏಕೆಂದರೆ ಅವನ ಹೋರಿ ಗೆದ್ದರೆ ಹೆಸರು ಊರಿಗೇ ಬರುತ್ತದೆ. ಹೋರಿ ತಿವಿದು ಪ್ರಾಣ ಹೋದ ಪ್ರಕರಣಗಳು ಇರುವುದರಿಂದಲೂ ಪ್ರಾಣಿಹಿಂಸೆಯ ದೂರುಗಳಿಂದಲೂ ಆಡಳಿತದವರು ಕೆಲವೆಡೆ ಅನುಮತಿ ನಿರಾಕರಿಸುವುದುಂಟು. ಹೌಸಿನ ಖರ್ಚು ಹಣದಲ್ಲಿ ಮುಗಿಯದೆ ಜೀವಕ್ಕೆ ಬಂದಾಗ ಆ ಮಾತಿಗೂ ಕಪ್ಪು ಹತ್ತುತ್ತದೆ.

ಭೋಗದ ಸಾಮಗ್ರಿಯನ್ನು ಒದಗಿಸುವುದರಲ್ಲಿಯೇ ಈ ಸೀಮೆ ಹೆಸರು ಮಾಡಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಸವಣೂರಿನ ವೀಳ್ಯದೆಲೆ ತಾಂಬೂಲಪ್ರಿಯರಿಗೆ ಗೊತ್ತಿರುವಂಥದು. ಘಟ್ಟದ ಏಲಕ್ಕಿಯನ್ನು ತಂದು ಬಾವಿಯ ನೀರಿನಲ್ಲಿ ತೊಳೆದು ಮಾರುವ ವ್ಯಾಪಾರ ಹಾವೇರಿಯಲ್ಲಿ ಹಿಂದಿನಿಂದ ಇದ್ದುದರಿಂದ, ಏಲಕ್ಕಿ ಬೆಳೆಯದ ಈ ಊರು ಏಲಕ್ಕಿಯ ಕಂಪಿನ ಊರೆನಿಸಿಕೊಂಡಿತು. ಒಂದೊಂದೇ ಕಾಯನ್ನು ದಾರಕ್ಕೆ ಪೋಣಿಸಿ, ಜರಿ, ಮಣಿ, ಬಣ್ಣದ ಉಣ್ಣೆ ಸೇರಿಸಿ ಕಟ್ಟುವ ಏಲಕ್ಕಿ ಹಾರ ಸನ್ಮಾನಗಳಲ್ಲಿ ದೂರದೂರಿನ ಗಣ್ಯರ ಕೊರಳಿಗೆ ಬೀಳುತ್ತದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯನ್ನು ಜನ ಕೊಳ್ಳುವುದು ಖಾರಕ್ಕಿಂತ ಬಣ್ಣಕ್ಕಾಗಿ. ಡಬ್ಬಿ, ಕಡ್ಡಿ ಎಂಬ ಅದರ ತಳಿಗಳಿಂದ ತೆಗೆದ ಓಲಿಯೋರೆಸಿನ್ ಎಂಬ ಗಟ್ಟಿ ಕೆಂಪು ಸಾರ ತಿನಿಸುಗಳಿಗೆ ಬಣ್ಣ ಕೊಡುತ್ತದೆ. ನಾಲಗೆ ಸುಡದೆ ಕಣ್ಣು ತಣಿಸುವ ಈ ಕಾಯಿಯನ್ನು ರಸಿಕರ ಮೆಣಸಿನಕಾಯಿ ಎಂದರೆ ತಪ್ಪಾಗದು. ಆದರೆ ಇವನ್ನೆಲ್ಲ ಬೆಳೆಯುವ, ಒಣಗಿಸುವ, ತೊಟ್ಟು ಬಿಡಿಸುವ, ಪೋಣಿಸುವ ಕೈಗಳಿಗೆ ಭೋಗಿ ಎಂಬ ಹೆಸರು ಸಲ್ಲುವುದು ವರ್ಷಕ್ಕೊಮ್ಮೆ, ಅದೂ ಸಜ್ಜಿ ರೊಟ್ಟಿಯ ದಿನ.

ಇತ್ತೀಚಿನ ಪತ್ರಿಕಾ ಭಾಷೆ ಈ ಗೆರೆಗಳನ್ನೆಲ್ಲ ಅಳಿಸುತ್ತ ಬಂದಿದೆ. ಐಷಾರಾಮಿ ಬದುಕು, ಮೋಜುಮಸ್ತಿ, ವಿಲಾಸಿ ಜೀವನ ಎಂಬ ಮೂರು ಸಿದ್ಧ ಮಾತುಗಳಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದವನನ್ನೂ ದುಡಿದು ಪ್ರವಾಸ ಹೋದವನನ್ನೂ ಒಂದೇ ಚೀಲಕ್ಕೆ ತುಂಬಲಾಗುತ್ತಿದೆ. ಹೊಸದಾಗಿ ಬಂದವುಗಳಲ್ಲಿ ಹೊಟ್ಟೆಬಾಕನ ಮಾದರಿಯಲ್ಲಿ ಕಟ್ಟಿದ ಕೊಳ್ಳುಬಾಕ ಎಂಬುದೊಂದೇ ಕಸುವುಳ್ಳ ಪದ. ಉಣ್ಣುವುದಕ್ಕಾಗಲಿ ಉಡುವುದಕ್ಕಾಗಲಿ ಅಲ್ಲದೆ ಕೊಳ್ಳುವುದಕ್ಕಾಗಿಯೇ ಕೊಳ್ಳುವವನಿಗೆ ಹಳೆಯ ಕನ್ನಡದಲ್ಲಿ ಹೆಸರಿರಲಿಲ್ಲ, ಈಗ ಸಿಕ್ಕಿದೆ. ಅದು ಭೋಗಿಗೆ ಪರ್ಯಾಯವಾಗಲಾರದು, ಯಾಕೆಂದರೆ ಕೊಳ್ಳುಬಾಕನು ಕೊಂಡದ್ದನ್ನು ಅನುಭವಿಸುವ ಪುರುಸೊತ್ತೂ ಇಲ್ಲದವನು.

ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಕನ್ನಡ ಓದುವ, ಕಲಿಸುವ ಕಾಲೇಜುಗಳಿವೆ. ಹೌಸು, ಶೋಕಿ, ಚೈನಿ, ಖಯಾಲಿ, ಮೆರೆ ಎಂಬಂಥ ಮಾತುಗಳನ್ನು ಬರಿಯ ಅರ್ಥದೊಡನೆ ಪಟ್ಟಿ ಮಾಡದೆ, ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಯಾವ ದನಿಯಲ್ಲಿ ಆಡಿದರು ಎಂಬ ವಿವರದೊಡನೆ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಿರಿಯರಿಂದ, ಅದರಲ್ಲೂ ಹೆಣ್ಣುಮಕ್ಕಳಿಂದ, ಈಗಲೇ ಬರೆದಿಟ್ಟುಕೊಳ್ಳಬೇಕು; ಬಲ್ಲವರು ಅಂಥ ಹುಡುಗರು ಮನೆಗೆ ಬಂದಾಗ ಕೂಡ್ರಿಸಿಕೊಂಡು ಹೇಳಿಕೊಡಬೇಕು.